ಗದ್ದೆಯ ಚೈನು, ಮೇಜಿನ ಟ್ಯಾಂಕು

ರಿಮೋಟ್ ಟ್ಯಾಂಕ್ ಕೊಂಡವರು ಮೊದಲ ವಾರವೆಲ್ಲ ಅದರ ಫಿರಂಗಿ ತಿರುಗಿಸಿ ಖುಷಿಪಡುತ್ತಾರೆ. ಎರಡನೆಯ ವಾರಕ್ಕೆ ಚೈನ್ ಕಳಚಿಕೊಳ್ಳಲು ಶುರುವಾಗುತ್ತದೆ. ಜಾತ್ರೆಯಲ್ಲಿ ಸಿಗುವ ಬ್ಯಾಟರಿ ಆಟಿಕೆಯ ವಿಷಯ ಬಿಡಿ; ಇಲ್ಲಿ ಹೇಳಹೊರಟಿರುವುದು ನಿಜವಾದ ಯುದ್ಧಟ್ಯಾಂಕಿನ ಅಳತೆಗಳನ್ನು 16ರಿಂದ ಭಾಗಿಸಿ ಮಾಡಿದ, ಮೊಳಕ್ಕಿಂತ ತುಸು ಉದ್ದದ ಮಾದರಿಗಳ ಬಗ್ಗೆ. ಜಪಾನಿನ ತಾಮಿಯಾ, ಚೀನಾದ ಹೆಂಗ್ ಲಾಂಗ್ ಮುಂತಾದ ಕಂಪನಿಗಳು ಇವನ್ನು ಮಾಡುತ್ತವೆ. ಎಡಕ್ಕೊಂದು ಬಲಕ್ಕೊಂದು ಮೋಟರು, ಅವಕ್ಕೆ ತಕ್ಕ ಗೇರ್ ಬಾಕ್ಸು, ಸ್ಪ್ರಿಂಗಿನ ಮೇಲೆ ಆಡುವ ಚಕ್ರಗಳು, ಒಂದೊಂದು ಬದಿಗೂ ನೂರರ ಹತ್ತಿರ ಕೊಂಡಿಗಳಿರುವ ಚೈನು. ಕಡಿಮೆ ಬೆಲೆಯ ಮಾದರಿಗಳಲ್ಲಿ ಈ ಚೈನು ಪ್ಲಾಸ್ಟಿಕ್ಕಿನದು. ಮನೆಯೊಳಗೆ ಚೆನ್ನಾಗಿಯೇ ಓಡುತ್ತದೆ. ಅಂಗಳಕ್ಕಿಳಿಸಿ, ಸಣ್ಣದೊಂದು ಜಲ್ಲಿಕಲ್ಲಿನ ಮೇಲೆ ತಿರುಗಿಸಿದರೆ ಸಾಕು, ಚೈನು ಚಕ್ರ ಬಿಟ್ಟು ಪಕ್ಕಕ್ಕೆ ಮಲಗಿರುತ್ತದೆ.

ಆಗ ಎಲ್ಲರಿಗೂ ಹೊಳೆಯುವ ಪರಿಹಾರ ಲೋಹದ ಚೈನು. ದುಡ್ಡು ಕೊಟ್ಟು ತರಿಸಿ ಹಾಕುತ್ತಾರೆ. ತೂಗಿ ನೋಡಿದರೆ ಕೈ ಜಗ್ಗುವಷ್ಟು ಭಾರ, ಓಡುವಾಗ ಸೊಗಸಾದ ಕರಕರ ಸದ್ದು, ಮೇಲ್ಭಾಗದಲ್ಲಿ ಅಸಲಿ ಟ್ಯಾಂಕಿನ ಹಾಗೆಯೇ ತುಸು ಜೋತ ನೋಟ. ಕೆಲವು ದಿನ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ ಸ್ಪ್ರಾಕೆಟ್ಟಿನ (ಚೈನನ್ನು ಎಳೆಯುವ ಹಲ್ಲಿನ ಚಕ್ರದ) ಹಲ್ಲು ಬೋಳಾಗುತ್ತದೆ. ಸ್ಪ್ರಾಕೆಟ್ ಬದಲಿಸಿದರೆ ಒಳಗಿನ ಗೇರಿನ ಹಲ್ಲು ಉದುರುತ್ತದೆ. ಅದನ್ನೂ ಬದಲಿಸಿದರೆ ಮೋಟರ್ ಸುಟ್ಟ ವಾಸನೆ. ಚೈನೇನೋ ಗಟ್ಟಿಮುಟ್ಟಾಗಿದೆ, ಟ್ಯಾಂಕು ಮಾತ್ರ ಮುಂದಕ್ಕೆ ಹೋಗುತ್ತಿಲ್ಲ.

ಇಂಥವರು ಉತ್ತರ ಹುಡುಕುವುದು ಯುದ್ಧಟ್ಯಾಂಕಿನ ಫೋಟೋಗಳಲ್ಲಿ. ದಾವಣಗೆರೆಯಲ್ಲಿ ಕೂತವರಿಗೆ ಅಷ್ಟು ದೂರ ಹುಡುಕುವ ಅಗತ್ಯವಿಲ್ಲ. ಕೊಯ್ಲಿನ ಕಾಲದಲ್ಲಿ ಹರಿಹರದಿಂದ ಮಲೇಬೆನ್ನೂರಿನ ಕಡೆ ಹೋಗಿ, ಭತ್ತದ ಗದ್ದೆಯ ಬದುವಿನ ಮೇಲೆ ಅರ್ಧ ದಿನ ನಿಂತರೆ ಚೈನಿನ ಅರ್ಧ ಪಾಠ ಮುಗಿಯುತ್ತದೆ. ಉಳಿದರ್ಧ ಹರಿಹರದ ಲೇತ್ ಅಂಗಡಿಗಳಲ್ಲಿದೆ.

ಗದ್ದೆಯ ಪಾಠ ಮೊದಲು. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಬರುವ ನಾಲೆ ನೀರು ಈ ಸೀಮೆಯ ಎರೆ ಭೂಮಿಯನ್ನು ಭತ್ತದ ಭೂಮಿ ಮಾಡಿತು. ಕೊಯ್ಲಿನ ಹೊತ್ತಿಗೂ ಎಷ್ಟೋ ಗದ್ದೆಗಳಲ್ಲಿ ತೇವ ಆರಿರುವುದಿಲ್ಲ, ಅದರ ಮೇಲೊಂದು ಅಕಾಲದ ಮಳೆ ಬಿದ್ದರೆ ಕೇಳುವುದೇ ಬೇಡ. ಟೈರಿನ ಕಟಾವು ಯಂತ್ರ ಅಲ್ಲಿ ಇಳಿದರೆ ಹೂತು ನಿಲ್ಲುತ್ತದೆ. ಅದಕ್ಕೇ ರೈತರು ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಚೈನ್ ಮಷಿನ್ ಕರೆಸುತ್ತಾರೆ. ಅದರ ಚೈನು ರಬ್ಬರಿನ ದಪ್ಪ ಪಟ್ಟಿ. ಒಳಗೆ ಉಕ್ಕಿನ ತಂತಿಗಳು ಸುತ್ತಲೂ ಹಾದಿರುತ್ತವೆ, ಅಡ್ಡಕ್ಕೆ ಉಕ್ಕಿನ ತುಂಡುಗಳನ್ನು ಹುದುಗಿಸಿರುತ್ತಾರೆ. ಹಲ್ಲಿನ ಚಕ್ರ ಅದನ್ನು ಎಳೆಯುತ್ತದೆ, ಕೆಳಗಿನ ರೋಲರುಗಳು ಭಾರ ಹೊರುತ್ತವೆ, ಇನ್ನೊಂದು ತುದಿಯ ಐಡ್ಲರ್ ಚಕ್ರ ಬಿಗಿ ಕಾಯುತ್ತದೆ. ಮೇಜಿನ ಮೇಲಿನ ಟ್ಯಾಂಕಿನಲ್ಲೂ ಇರುವುದು ಈ ನಾಲ್ಕೇ ಅಂಗ.

ಚೈನ್ ಯಾಕೆ ಹೂತುಹೋಗುವುದಿಲ್ಲ? ಕೆಸರಿನಲ್ಲಿ ಹಲಗೆ ಹಾಸಿಕೊಂಡು ನಡೆಯುವವನ ಉಪಾಯವೇ ಇದು. ವ್ಯತ್ಯಾಸವೆಂದರೆ ಯಂತ್ರ ತನ್ನ ಹಲಗೆಯನ್ನು ತಾನೇ ಹಿಂದಿನಿಂದೆತ್ತಿ ಮುಂದೆ ಹಾಸಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ. ಮೂರೂವರೆ ಟನ್ ತೂಕದ ಕಟಾವು ಯಂತ್ರವೊಂದರ ಚೈನು 45 ಸೆಂ.ಮೀ. ಅಗಲವಿದ್ದು, ಒಂದೂವರೆ ಮೀಟರ್ ಉದ್ದ ನೆಲಕ್ಕೆ ತಾಗಿದೆ ಅಂದುಕೊಳ್ಳಿ. ಎರಡೂ ಬದಿ ಸೇರಿ 13,500 ಚದರ ಸೆಂ.ಮೀ. ಆಯಿತು. ಒಂದು ಚದರ ಸೆಂ.ಮೀ. ನೆಲದ ಮೇಲೆ ಬೀಳುವ ಭಾರ ಕಾಲು ಕೆ.ಜಿ.ಯ ಆಸುಪಾಸು. ಎರಡನೇ ಮಹಾಯುದ್ಧದ ಜರ್ಮನಿಯ ಟೈಗರ್ ಟ್ಯಾಂಕ್ 57 ಟನ್ ಇತ್ತು. ಅದರ ಚೈನಿನ ಅಗಲ 725 ಮಿ.ಮೀ., ನೆಲಕ್ಕೆ ತಾಗುತ್ತಿದ್ದ ಉದ್ದ ಸುಮಾರು 3.6 ಮೀಟರ್. ಅಲ್ಲಿ ಚದರ ಸೆಂ.ಮೀ.ಗೆ ಒಂದು ಕೆ.ಜಿ.ಗೂ ಸ್ವಲ್ಪ ಹೆಚ್ಚು. ಅಷ್ಟೆಲ್ಲ ಹೆಸರು ಮಾಡಿದ ಟ್ಯಾಂಕನ್ನು ಮಲೇಬೆನ್ನೂರಿನ ಗದ್ದೆಗೆ ಇಳಿಸಿದರೆ ನಮ್ಮ ಕಟಾವು ಯಂತ್ರಕ್ಕಿಂತ ನಾಲ್ಕು ಪಟ್ಟು ಒತ್ತಿ ಕೂರುತ್ತಿತ್ತು.

ಈಗ ಅದೇ ಟೈಗರಿನ ಮಾದರಿಗೆ ಬನ್ನಿ. ಉದ್ದ, ಅಗಲ, ಎತ್ತರ ಮೂರನ್ನೂ 16ರಿಂದ ಭಾಗಿಸಿದಾಗ ಗಾತ್ರ ಕುಗ್ಗುವುದು 16 ಪಟ್ಟಲ್ಲ, 4,096 ಪಟ್ಟು. ಹಾಗಾಗಿ ಲೆಕ್ಕದ ಪ್ರಕಾರ ಮಾದರಿಯ ತೂಕ ಹದಿನಾಲ್ಕು ಕೆ.ಜಿ.ಯ ಹತ್ತಿರ ಇರಬೇಕು. ಪ್ಲಾಸ್ಟಿಕ್ ಮಾದರಿ ತೂಗುವುದು ನಾಲ್ಕು ಕೆ.ಜಿ.ಯ ಸುತ್ತಮುತ್ತ. ಅದರ ಚೈನು ನೆಲಕ್ಕೆ ತಾಗುವ ಜಾಗವೋ ಇನ್ನೂರು ಚದರ ಸೆಂ.ಮೀ. ಅಂದರೆ ಚದರ ಸೆಂ.ಮೀ.ಗೆ ಬರೀ ಇಪ್ಪತ್ತು ಗ್ರಾಂ, ಅಸಲಿಯ ಐವತ್ತನೇ ಒಂದು ಭಾಗ. ಮಾದರಿ ಟ್ಯಾಂಕು ಕೆಸರಲ್ಲಿ ಹೂತುಹೋಗುವುದು ಕಷ್ಟ. ಅದರ ತೊಂದರೆ ಬೇರೆ: ನೆಲವನ್ನು ಹಿಡಿದುಕೊಳ್ಳುವಷ್ಟು ಭಾರವೇ ಅದಕ್ಕಿಲ್ಲ, ಚೈನು ನಿಂತಲ್ಲೇ ಜಾರುತ್ತದೆ. ಲೋಹದ ಚೈನಿನಿಂದ ಮೊದಲು ಸಿಗುವ ಲಾಭ ಈ ಭಾರವೇ, ಅದೂ ನೆಲದ ಮಟ್ಟದಲ್ಲಿ ಬಂದು ಕೂರುವ ಭಾರ. ಇಳಿಜಾರಿನಲ್ಲಿ ಟ್ಯಾಂಕು ಪಲ್ಟಿ ಹೊಡೆಯುವುದು ಕಡಿಮೆಯಾಗುತ್ತದೆ.

ಆದರೆ ಮಣ್ಣನ್ನು 16ರಿಂದ ಭಾಗಿಸಲು ಬರುವುದಿಲ್ಲ. ಮಾದರಿ ಕಟ್ಟುವವರು ಮರೆಯುವ ಸಂಗತಿ ಇದು. ಎರೆ ಮಣ್ಣಿನ ಅಂಟು ದೊಡ್ಡ ಯಂತ್ರಕ್ಕೂ ಸಣ್ಣದಕ್ಕೂ ಒಂದೇ. ಗದ್ದೆಯ ಯಂತ್ರದ ಸ್ಪ್ರಾಕೆಟ್ಟಿನಲ್ಲಿ ಒಂದು ಹಿಡಿ ಮಣ್ಣು ಸೇರಿದರೆ ಅದನ್ನು ಹಿಂಡಿ ಹೊರಗೆ ಹಾಕುವ ಶಕ್ತಿ ಡೀಸೆಲ್ ಎಂಜಿನ್ನಿಗಿದೆ. ಮಾದರಿಯ ಸ್ಪ್ರಾಕೆಟ್ಟಿನಲ್ಲಿ ಕಡಲೆಕಾಳಿನಷ್ಟು ಮಣ್ಣು ಕಚ್ಚಿಕೊಂಡರೆ ಚೈನು ಹಲ್ಲಿನ ಮೇಲೇರಿ ಕಳಚುತ್ತದೆ. ಕಟಾವಿನವರು ಊಟಕ್ಕೆ ನಿಂತಾಗ ಸಲಾಕೆ ಹಿಡಿದು ರೋಲರುಗಳ ಸಂದಿಯ ಮಣ್ಣು ಕೆರೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ಯಾಂಕು ಓಡಿಸಲು ದಾವಣಗೆರೆಯ ಸುತ್ತ ಮುರಂ ನೆಲವೋ ಮರಳು ಬೆರೆತ ಕೆಂಪು ಮಣ್ಣೋ ಸಿಕ್ಕರೆ ಅದೇ ಲೇಸು. ಮಳೆ ಬಿದ್ದ ಎರೆ ಹೊಲಕ್ಕೆ ಇಳಿಸಬೇಡಿ.

ಗದ್ದೆಯ ಯಂತ್ರಕ್ಕೂ ಟ್ಯಾಂಕಿಗೂ ನೆಂಟಸ್ತನ ನಾನು ಕಟ್ಟಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಬೆಂಜಮಿನ್ ಹೋಲ್ಟ್ ಎಂಬಾತ ಕಟಾವು ಯಂತ್ರ, ಉಗಿ ಟ್ರ್ಯಾಕ್ಟರ್ ಮಾಡುತ್ತಿದ್ದ. ಅಲ್ಲಿನ ನದೀಮುಖದ ಮೆತ್ತನೆಯ ನೆಲದಲ್ಲಿ ಭಾರದ ಟ್ರ್ಯಾಕ್ಟರುಗಳು ಹೂಳುತ್ತಿದ್ದವು. ಚಕ್ರ ಅಗಲ ಮಾಡುತ್ತಾ ಹೋಗಿ ಸಾಕಾದ ಮೇಲೆ, ಹಿಂದಿನ ಚಕ್ರಗಳನ್ನೇ ಕಿತ್ತು ಮರದ ಪಟ್ಟಿ ಜೋಡಿಸಿದ ಚೈನು ಹಾಕಿ 1904ರ ನವೆಂಬರ್ 24ರಂದು ಓಡಿಸಿ ನೋಡಿದ. ಇಂದಿನ ಕ್ಯಾಟರ್‌ಪಿಲ್ಲರ್ ಕಂಪನಿಯ ಬೇರು ಅಲ್ಲಿದೆ. ಹನ್ನೊಂದು ವರ್ಷದ ಬಳಿಕ ಮೊದಲ ಟ್ಯಾಂಕು ಹುಟ್ಟಿದ್ದೂ ಇಂಗ್ಲೆಂಡಿನ ಲಿಂಕನ್ ಪಟ್ಟಣದ ವಿಲಿಯಂ ಫಾಸ್ಟರ್ ಎಂಬ ಕಂಪನಿಯಲ್ಲಿ, ಒಕ್ಕಣೆ ಯಂತ್ರಗಳಿಗೆ ಹೆಸರಾದ ಕಾರ್ಖಾನೆಯದು. ಆ ಮೊದಲ ಟ್ಯಾಂಕಿಗೆ ಶಿಕಾಗೋದಿಂದ ತರಿಸಿದ ಟ್ರ್ಯಾಕ್ಟರ್ ಚೈನನ್ನು ಹಾಕಿದರು. ಕಂದಕ ದಾಟುವಾಗ ಚೈನು ಕೆಳಕ್ಕೆ ಜೋತು ಬಿದ್ದು ರೋಲರುಗಳಿಂದ ಕಳಚಿಕೊಂಡಿತು. ಅಂಗಳದಲ್ಲಿ ನಿಮ್ಮ ಟ್ಯಾಂಕಿಗೆ ಆಗುವುದು ಇದೇ! ವಿಲಿಯಂ ಟ್ರಿಟನ್, ವಾಲ್ಟರ್ ವಿಲ್ಸನ್ ಎಂಬ ಇಬ್ಬರು ಸೇರಿ ಉಕ್ಕಿನ ತಟ್ಟೆಗಳಿಗೆ ಒಳಬದಿಯಲ್ಲಿ ಹಿಡಿಕೆಯಂಥ ತುಟಿ ಕೊಟ್ಟು, ಚೈನು ಚೌಕಟ್ಟನ್ನು ಬಿಟ್ಟು ಜಾರದಂತೆ ಮಾಡಿದ ಮೇಲೆಯೇ ಟ್ಯಾಂಕು ಯುದ್ಧಕ್ಕೆ ಹೋಗಲು ಯೋಗ್ಯವಾದದ್ದು. ಹೆಚ್ಚು ದಪ್ಪನೆಯ ಉಕ್ಕು ಬಳಸಿ ಗೆದ್ದರು ಅನ್ನುವ ಹಾಗಿಲ್ಲ. ಚೈನು, ಚಕ್ರ, ಚೌಕಟ್ಟು ಮೂರರ ಹೊಂದಿಕೆಯನ್ನು ಸರಿಪಡಿಸಿ ಗೆದ್ದರು.

ಚೈನೊಂದೇ ಸಾಲದು ಎಂಬುದಕ್ಕೆ ನಮ್ಮವರದೇ ಒಂದು ಉದಾಹರಣೆ ಬೇಕಿದ್ದರೆ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಇದ್ದಾರೆ. 1948ರ ನವೆಂಬರ್ 1ರಂದು, ಆಗ ಮೇಜರ್ ಜನರಲ್ ಆಗಿದ್ದ ಅವರು ಕಾಶ್ಮೀರದ ಮೂರೂವರೆ ಸಾವಿರ ಮೀಟರ್ ಎತ್ತರದ ಜೋಜಿ ಲಾ ಕಣಿವೆಮಾರ್ಗಕ್ಕೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬಂದೀತೆಂದು ಎದುರಾಳಿಗಳು ಎಣಿಸಿರಲಿಲ್ಲ. ಗುಟ್ಟು ಕಾಯಲು ಟ್ಯಾಂಕಿನ ಫಿರಂಗಿ ಗೋಪುರ ಕಳಚಿ ಸಾಗಿಸಿದ್ದು ಎಲ್ಲರೂ ಹೇಳುವ ಕಥೆ. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆ ಓಡಾಡುವ ದಾರಿಯನ್ನು ಮೊದಲು ಅಗಲ ಮಾಡಿಕೊಟ್ಟದ್ದು ಅಷ್ಟಾಗಿ ಯಾರೂ ಹೇಳದ ಕಥೆ. ಚೈನು ಎಲ್ಲಿಗೂ ಹೋಗುತ್ತದೆ ಅನ್ನುವುದು ಸಿನಿಮಾದ ಮಾತು. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಅಂಗಳದಲ್ಲಿ ಟಿ-55 ಟ್ಯಾಂಕೊಂದು ನಿಂತಿದೆ. ಹೋದವರು ಅದರ ಫಿರಂಗಿಯ ಮುಂದೆ ಸೆಲ್ಫಿ ತೆಗೆದುಕೊಂಡ ಮೇಲೆ ಒಮ್ಮೆ ಪಕ್ಕಕ್ಕೆ ಬಂದು ಚೈನಿನ ಮೇಲ್ಭಾಗ ನೋಡಿ. ಈ ಜಾತಿಯ ಟ್ಯಾಂಕಿಗೆ ಮೇಲೆ ಹೊರುವ ರೋಲರುಗಳಿಲ್ಲ, ಚೈನು ದೊಡ್ಡ ಚಕ್ರಗಳ ತಲೆಯ ಮೇಲೆಯೇ ಮಲಗುತ್ತದೆ. ಮಾದರಿಯವರು ಹಂಬಲಿಸುವ ಆ ಜೋತ ನೋಟ ಅಲ್ಲಿ ಕಾಣುತ್ತದೆ. ಅಂದಕ್ಕೆಂದು ಬಿಟ್ಟ ಜೋಲು ಅದಲ್ಲ, ಚೈನು ತನ್ನ ಭಾರಕ್ಕೆ ತಾನು ಬಾಗಿರುವುದು.

ಇನ್ನು ಈ ಹೊಂದಿಕೆಯ ಲೆಕ್ಕ. ಕೊಂಡಿಗಳನ್ನು ಜೋಡಿಸುವ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಇರುವ ದೂರಕ್ಕೆ ಪಿಚ್ ಎನ್ನುತ್ತಾರೆ. ಟೈಗರಿನ ಚೈನಿನಲ್ಲಿ ಅದು 130 ಮಿ.ಮೀ., ಒಂದೊಂದು ಬದಿಗೆ 96 ಕೊಂಡಿ, ಸ್ಪ್ರಾಕೆಟ್ಟಿಗೆ 20 ಹಲ್ಲು. 16ರಿಂದ ಭಾಗಿಸಿದರೆ ಪಿಚ್ 8.1 ಮಿ.ಮೀ. ಆಗುತ್ತದೆ. 20 ಹಲ್ಲಿನ ಚಕ್ರಕ್ಕೆ ಈ ಪಿಚ್ ಸರಿಯಾಗಿ ಕೂರಬೇಕಾದರೆ ಪಿನ್ನುಗಳು ಹಾದುಹೋಗುವ ವೃತ್ತದ ವ್ಯಾಸ 52 ಮಿ.ಮೀ. ಇರಬೇಕು. ಹೊಸ ಚೈನಿನ ಪಿಚ್ ಹತ್ತನೇ ಒಂದು ಮಿಲಿಮೀಟರ್ ಹೆಚ್ಚಿದೆ ಅನ್ನಿ. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ. ಚೈನು ಸ್ಪ್ರಾಕೆಟ್ಟಿನ ಅರ್ಧ ಸುತ್ತನ್ನು ಅಪ್ಪಿಕೊಳ್ಳುವಷ್ಟರಲ್ಲಿ ಹತ್ತು ಹಲ್ಲು ಕಳೆದು, ವ್ಯತ್ಯಾಸ ಒಂದು ಮಿಲಿಮೀಟರ್ ಆಗಿರುತ್ತದೆ. ಆಗ ಭಾರವೆಲ್ಲ ಬೀಳುವುದು ಒಂದು ಅಥವಾ ಎರಡು ಹಲ್ಲಿನ ಮೇಲೆ, ಉಳಿದವು ಸುಮ್ಮನೆ ತಿರುಗುತ್ತಿರುತ್ತವೆ. ಪ್ಲಾಸ್ಟಿಕ್ ಹಲ್ಲು ಬೋಳಾಗುವುದು ಹೀಗೆ. ಲೋಹದ ಚೈನಿನ ಜೊತೆ ಅದೇ ತಯಾರಕರ ಲೋಹದ ಸ್ಪ್ರಾಕೆಟ್ಟು, ಐಡ್ಲರ್ ಎರಡನ್ನೂ ಕೊಳ್ಳಿ ಎಂದು ತಿಳಿದವರು ಹೇಳುವುದರ ಹಿಂದೆ ಇರುವುದು ವ್ಯಾಪಾರದ ಬುದ್ಧಿ ಮಾತ್ರ ಅಲ್ಲ.

ಪಿಚ್ ಹೊಸದರಲ್ಲಿ ಸರಿ ಇದ್ದರೂ ಹಾಗೇ ಉಳಿಯುವುದಿಲ್ಲ. ಚೈನು ಹಿಗ್ಗಿದೆ ಎಂದು ಹೇಳುವುದು ರೂಢಿ. ಉಕ್ಕೇನೂ ಹಿಗ್ಗಿರುವುದಿಲ್ಲ. ಪಿನ್ ಸವೆಯುತ್ತದೆ, ಪಿನ್ನಿನ ತೂತು ದೊಡ್ಡದಾಗುತ್ತದೆ, ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಆಟ ಬರುತ್ತದೆ. 96 ಕೀಲುಗಳಲ್ಲಿ ತಲಾ 0.1 ಮಿ.ಮೀ. ಸವೆದರೆ ಒಟ್ಟು 9.6 ಮಿ.ಮೀ., ಅಂದರೆ ಒಂದು ಪೂರ್ತಿ ಕೊಂಡಿಗಿಂತ ಹೆಚ್ಚು. ಐಡ್ಲರನ್ನು ಹಿಂದಕ್ಕೆ ತಳ್ಳಿ ಬಿಗಿ ಮಾಡಬಹುದು, ಇಲ್ಲವೇ ಒಂದು ಕೊಂಡಿ ತೆಗೆಯಬಹುದು. ಮನೆ ಕಟ್ಟುವ ಕಡೆ ಪಾಯ ತೋಡಲು ಬರುವ ಹಿಟಾಚಿಯಲ್ಲಿ ಈ ಕೆಲಸಕ್ಕೆ ಗ್ರೀಸ್ ಬಳಸುತ್ತಾರೆ: ಗ್ರೀಸ್ ಗನ್ನಿನಿಂದ ಒಳಗೆ ತುಂಬಿದಷ್ಟೂ ಐಡ್ಲರ್ ಮುಂದಕ್ಕೆ ಒತ್ತಿಕೊಂಡು ಚೈನು ಬಿಗಿಯಾಗುತ್ತದೆ. ಮಾದರಿ ಟ್ಯಾಂಕುಗಳಲ್ಲಿ ತುಸು ಒಳ್ಳೆಯವಕ್ಕೆ ಅಲೆನ್ ಕೀಲಿಯಿಂದ ತಿರುಗಿಸುವ ಐಡ್ಲರ್ ಇರುತ್ತದೆ. ಅದಿಲ್ಲದ ಮಾದರಿಗೆ ಲೋಹದ ಚೈನು ಹಾಕುವುದು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಐಡ್ಲರ್ ಕೂರಿಸಿ, ಆಮೇಲೆ ಚೈನಿನ ಮಾತು.

ಹರಿಹರದ ಪಾಠ ಇಲ್ಲಿಂದ ಶುರು. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಮಾಡುತ್ತಿದ್ದುದು ಲೇತುಗಳನ್ನು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಹರಿಹರದ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಐಟಿಐ, ಡಿಪ್ಲೊಮಾ ಓದಿದ ಎಷ್ಟೋ ಜನ ಲೋಹ ಕೊರೆಯಲು ಕಲಿತದ್ದು ಅವುಗಳ ಮೇಲೆ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಊರಿಗೆ ಅದೊಂದು ದೊಡ್ಡ ಪೆಟ್ಟು, ಆ ಕಥೆಯನ್ನು ಇಲ್ಲಿ ಅರ್ಧಂಬರ್ಧ ಹೇಳುವುದು ಬೇಡ. ಕಾರ್ಖಾನೆಯ ಬಾಗಿಲು ಮುಚ್ಚಿದರೂ ಕೈಕಸುಬು ಊರು ಬಿಟ್ಟು ಹೋಗಲಿಲ್ಲ. ಹರಿಹರದಲ್ಲಿ, ಹದಿನಾಲ್ಕು ಕಿಲೋಮೀಟರ್ ಆಚೆಯ ದಾವಣಗೆರೆಯಲ್ಲಿ ಸಣ್ಣ ವರ್ಕ್‌ಶಾಪುಗಳು, ಫೌಂಡ್ರಿಗಳು ಇವತ್ತಿಗೂ ಬಿಡಿಭಾಗ ಕೊರೆಯುತ್ತಿವೆ.

ಇಂಥ ಅಂಗಡಿಗೆ ಹೋಗಿ ಟೈಗರ್ ಟ್ಯಾಂಕಿನ ಇತಿಹಾಸ ಹೇಳಿದರೆ ಪ್ರಯೋಜನವಿಲ್ಲ. ಟರ್ನರ್ ಕೇಳುವುದು ಒಂದೇ: “ಸ್ಯಾಂಪಲ್ ತಂದೀರೇನ್ರೀ ಸರ?” ಹಳೆಯ ಸ್ಪ್ರಾಕೆಟ್ಟು, ಹೊಸ ಚೈನಿನ ಹತ್ತು ಕೊಂಡಿ, ಗೇರ್ ಬಾಕ್ಸಿನ ಶಾಫ್ಟು ಇವಿಷ್ಟನ್ನು ಮೇಜಿನ ಮೇಲಿಟ್ಟರೆ ಅವರು ವರ್ನಿಯರ್ ಹಿಡಿದು ಮಿಕ್ಕ ಮಾತು ತಾವೇ ಆಡುತ್ತಾರೆ. ಪಿಚ್ಚನ್ನು ಒಂದು ಕೊಂಡಿಯಿಂದ ಅಳೆಯುವುದಿಲ್ಲ. ಹತ್ತು ಕೊಂಡಿ ಎಳೆದು ಹಿಡಿದು ಅಳೆದು ಹತ್ತರಿಂದ ಭಾಗಿಸುತ್ತಾರೆ, ತಪ್ಪು ಹತ್ತು ಪಟ್ಟು ಕಡಿಮೆಯಾಗಲಿ ಅಂತ. ಇಪ್ಪತ್ತು ಹಲ್ಲು ಕೊರೆಯುವುದು ಮಿಲ್ಲಿಂಗ್ ಮಷಿನ್ನಿನ ಡಿವೈಡಿಂಗ್ ಹೆಡ್‌ಗೆ ಸಲೀಸು: ಹಿಡಿಕೆ ನಲವತ್ತು ಸುತ್ತು ತಿರುಗಿದರೆ ಕೆಲಸದ ತುಂಡು ಒಂದು ಸುತ್ತು ತಿರುಗುತ್ತದೆ, ಹಾಗಾಗಿ ಹಲ್ಲಿಗೆ ಸರಿಯಾಗಿ ಎರಡು ಸುತ್ತು. ಟ್ಯಾಂಕಿನ ಸ್ಪ್ರಾಕೆಟ್ಟು ಸಾಮಾನ್ಯವಾಗಿ ಎರಡು ಹಲ್ಲಿನ ಬಳೆಗಳ ಜೋಡಿ. ಎರಡೂ ಬಳೆಯನ್ನು ಒಟ್ಟಿಗೆ ಬಿಗಿದು ಒಂದೇ ಸಲ ಕೊರೆದರೆ ಹಲ್ಲುಗಳು ಎದುರುಬದುರು ಕೂರುತ್ತವೆ. ಬೇರೆ ಬೇರೆ ಕೊರೆದು ಆಮೇಲೆ ಜೋಡಿಸಲು ಹೋದರೆ ಒಂದು ಬಳೆ ಮುಂದೆ, ಒಂದು ಹಿಂದೆ. ಚೈನು ಸೊಟ್ಟಗೆ ಓಡುತ್ತದೆ. ಇಎನ್8 ಉಕ್ಕು ಸಾಕು. ಅಲ್ಯುಮಿನಿಯಂ ಹಗುರ, ಕೊರೆಯಲು ಸುಲಭ, ಆದರೆ ಉಕ್ಕಿನ ಪಿನ್ನುಗಳ ಎದುರು ಬೇಗ ಸವೆಯುತ್ತದೆ. ಇಷ್ಟು ಸಣ್ಣ ಕೆಲಸವನ್ನು ದೊಡ್ಡ ವರ್ಕ್‌ಶಾಪಿನವರು ಮುಟ್ಟುವುದಿಲ್ಲ, ಅವರಿಗೆ ಅದು ಕಟ್ಟುವುದೂ ಇಲ್ಲ. ಒಂದೆರಡು ಲೇತಿನ ಚಿಕ್ಕ ಅಂಗಡಿ ಹುಡುಕಿಕೊಂಡು, ಕೆಲಸ ಕಡಿಮೆಯಿರುವ ದಿನ ನೋಡಿ ಹೋಗಬೇಕು.

ಚೈನು, ಸ್ಪ್ರಾಕೆಟ್ಟು ಕೂಡಿಕೊಂಡವು ಅನ್ನಿ. ಹಿಡಿತ ಹೆಚ್ಚಿದಷ್ಟೂ ಪೆಟ್ಟು ಒಳಗೆ ಸರಿಯುತ್ತದೆ. ಹಳೆಯ ಟ್ಯಾಂಕು ನಾಲ್ಕು ಕೆ.ಜಿ., ಪ್ಲಾಸ್ಟಿಕ್ ಚೈನಿನ ಹಿಡಿತ ತೂಕದ ಅರ್ಧದಷ್ಟು ಅಂದುಕೊಂಡರೆ ಅದು ಎಳೆಯಬಲ್ಲದ್ದು ಎರಡು ಕೆ.ಜಿ. ಅದಕ್ಕಿಂತ ಹೆಚ್ಚು ಬಲ ಬಂದರೆ ಚೈನು ಜಾರಿ, ಗೇರು ಬದುಕಿಕೊಳ್ಳುತ್ತಿತ್ತು. ಲೋಹದ ಚೈನು, ಚಕ್ರ ಎಲ್ಲ ಸೇರಿ ತೂಕ ಆರು ಕೆ.ಜಿ. ಆಯಿತು, ಮಣ್ಣಿನಲ್ಲಿ ಹಿಡಿತ ಮುಕ್ಕಾಲು ಪಾಲಿಗೆ ಏರಿತು ಅನ್ನಿ. ಈಗ ಜಾರುವ ಮುನ್ನ ನಾಲ್ಕೂವರೆ ಕೆ.ಜಿ. ಎಳೆತ, ಎರಡು ಪಟ್ಟಿಗೂ ಮಿಗಿಲು. ಆ ಹೊರೆಯೆಲ್ಲ ಗೇರ್ ಬಾಕ್ಸಿನ ಕೊನೆಯ ಗೇರಿನ ಹಲ್ಲಿಗೆ ಬೀಳುತ್ತದೆ. ತಿರುವಿನಲ್ಲಿ ಇನ್ನೂ ಕಷ್ಟ. ಟ್ಯಾಂಕಿಗೆ ಕಾರಿನ ಹಾಗೆ ತಿರುಗುವ ಮುಂಚಕ್ರವಿಲ್ಲ. ಒಂದು ಬದಿ ನಿಧಾನ, ಇನ್ನೊಂದು ಬದಿ ಜೋರು ಮಾಡಿ, ನೆಲದ ಮೇಲೆ ಚೈನನ್ನು ಅಡ್ಡಡ್ಡ ಉಜ್ಜಿಕೊಂಡೇ ಅದು ಹೊರಳಬೇಕು. ಆ ಉಜ್ಜಾಟದ ಬಲವನ್ನೆಲ್ಲ ಹೊರಬದಿಯ ಒಂದೇ ಮೋಟರ್ ಕೊಡಬೇಕು. ಚೈನು ಕಳಚುವುದೂ ಬಹುಪಾಲು ಇಂಥ ಹೊತ್ತಿನಲ್ಲಿ, ಅದರಲ್ಲೂ ನಿಂತಲ್ಲೇ ಗಿರಕಿ ಹೊಡೆಸುವವರ ಕೈಯಲ್ಲಿ.

ಆದ್ದರಿಂದ ಪ್ಲಾಸ್ಟಿಕ್ ಗೇರ್ ಇರುವ ಗೇರ್ ಬಾಕ್ಸಿಗೆ ಲೋಹದ ಚೈನು ಹಾಕುವುದು ಎಂದರೆ ಅದರ ಆಯುಷ್ಯಕ್ಕೆ ಗೆರೆ ಎಳೆದಂತೆಯೇ. ಉಕ್ಕಿನ ಗೇರಿನ, ಶಾಫ್ಟಿಗೆ ಬೇರಿಂಗ್ ಇರುವ ಗೇರ್ ಬಾಕ್ಸ್ ಬೇಕು. ಈ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಇರುವುದು 380 ಅಳತೆಯ ಬ್ರಷ್ ಮೋಟರು, 7.4 ವೋಲ್ಟಿನ ಲಿಥಿಯಂ ಬ್ಯಾಟರಿ. ಗೇರಿನ ಅನುಪಾತ ಹೆಚ್ಚು ಮಾಡಿ ವೇಗ ಕಡಿಮೆ ಮಾಡಿಕೊಂಡರೆ ಅದೇ ಮೋಟರು ಸಾಕಾಗುತ್ತದೆ. ಟ್ಯಾಂಕು ತೆವಳಿದರೇ ಚೆಂದ, ಬೈಕಿನ ಹಾಗೆ ಚಿಮ್ಮಿದರೆ ನೋಡಲಾಗುವುದಿಲ್ಲ.

ಕೊಂಡಿಗಳನ್ನು ಇಲ್ಲೇ ಮಾಡಿಕೊಳ್ಳಬಹುದಲ್ಲ ಎಂದು ಎಂಜಿನಿಯರಿಂಗ್ ಓದುವ ಹುಡುಗರು ಕೇಳುತ್ತಾರೆ. 1951ರಲ್ಲಿ ಶುರುವಾದ ಯುಬಿಡಿಟಿ, 1979ರ ಬಾಪೂಜಿ ಎಂಬ ಎರಡು ಎಂಜಿನಿಯರಿಂಗ್ ಕಾಲೇಜು ಇರುವ ಊರು ದಾವಣಗೆರೆ, ಇಂಥ ಪ್ರಶ್ನೆಗೆ ಬರವಿಲ್ಲ. ತ್ರೀಡಿ ಪ್ರಿಂಟರಿನಲ್ಲಿ ಧಾರಾಳವಾಗಿ ಆಗುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ ಅಚ್ಚು ಹಾಕಲು ಸುಲಭ, ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಕಾರಿನೊಳಗೆ ಬಿಟ್ಟರೆ ಸೊಟ್ಟಗಾಗುತ್ತದೆ. ಪಿಇಟಿಜಿ ಆ ವಿಷಯದಲ್ಲಿ ವಾಸಿ. ಇನ್ನೊಂದು ಸೂಕ್ಷ್ಮವಿದೆ: ಪ್ರಿಂಟರ್ ಪದರದ ಮೇಲೆ ಪದರ ಇಡುತ್ತಾ ಹೋಗುತ್ತದೆ, ಪದರಗಳ ನಡುವಿನ ಬೆಸುಗೆಯೇ ಬಲಹೀನ ಜಾಗ. ಚೈನಿನ ಎಳೆತ ಪದರದ ಉದ್ದಕ್ಕೆ ಬರುವಂತೆ ಕೊಂಡಿಯನ್ನು ಮಲಗಿಸಿ ಅಚ್ಚು ಹಾಕಬೇಕು, ನಿಲ್ಲಿಸಿ ಹಾಕಿದರೆ ಪಿನ್ನಿನ ತೂತಿನ ಬಳಿ ಸೀಳುತ್ತದೆ. ಪಿನ್ನಿಗೆ ಪ್ರಿಂಟರಿನ 1.75 ಮಿ.ಮೀ. ದಾರವನ್ನೇ ತುಂಡರಿಸಿ ಬಳಸುವವರಿದ್ದಾರೆ. ಸೈಕಲ್ ರಿಪೇರಿ ಅಂಗಡಿಯ 14 ಗೇಜಿನ ಸ್ಪೋಕು ಅದಕ್ಕಿಂತ ಮೇಲು, ಎರಡು ಮಿ.ಮೀ. ದಪ್ಪ, ನೇರವಾದ ಗಟ್ಟಿ ಉಕ್ಕು, ಬೆಲೆಯೂ ಅಗ್ಗ. ತೂತನ್ನು 2.1 ಮಿ.ಮೀ.ಗೆ ಕೊರೆದರೆ ಸಲೀಸಾಗಿ ಮಡಚುತ್ತದೆ. ಪ್ಲಾಸ್ಟಿಕ್ ಕೊಂಡಿಗೆ ಉಕ್ಕಿನ ಪಿನ್ ಹಾಕಿದ ಇಂಥ ಚೈನು ಅಪ್ಪಟ ಲೋಹದ್ದಕ್ಕಿಂತ ಹಗುರ, ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಗೇರ್ ಬಾಕ್ಸ್ ಬದಲಿಸುವ ದುಡ್ಡಿಲ್ಲದವರು ಇಲ್ಲಿಗೇ ನಿಲ್ಲಬಹುದು.

ದುಡ್ಡಿನ ಮಾತು ಬಂದದ್ದರಿಂದ ಹೇಳುವುದು. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. 2021ರ ಜನವರಿಯಿಂದ ಐಎಸ್‌ಐ ಗುರುತೂ ಕಡ್ಡಾಯವಾಯಿತು. ದೇಶಿ ಆಟಿಕೆ ತಯಾರಕರಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಲಾರೆ. ಇಂಥ ಟ್ಯಾಂಕಿನ ಹವ್ಯಾಸಿಗೆ ಮಾತ್ರ ಒಂದು ಜೊತೆ ಚೈನು ತರಿಸುವುದೂ ಎರಡು ಸಲ ಯೋಚಿಸುವ ಖರ್ಚಾಗಿದೆ. ಹರಿಹರದ ಲೇತು, ಸೈಕಲ್ ಅಂಗಡಿಯ ಸ್ಪೋಕುಗಳ ಮೇಲೆ ಕಣ್ಣು ಹಾಯಿಸಲು ಅದೂ ಒಂದು ಕಾರಣ.

ಎಲ್ಲಿ ಓಡಿಸುತ್ತೀರಿ ಎನ್ನುವುದನ್ನು ಮಾತ್ರ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಮನೆಯೊಳಗಿನ ವಿಟ್ರಿಫೈಡ್ ಟೈಲ್ಸ್ ಮೇಲೆ ಲೋಹದ ಚೈನಿಗೆ ಹಿಡಿತ ಕಡಿಮೆ, ಗೆರೆ ಎಳೆಯುವುದು ಜಾಸ್ತಿ. ಅಲ್ಲಿ ಪ್ಲಾಸ್ಟಿಕ್ಕೇ ಸರಿ. ಕೆಸರುಗದ್ದೆ ಹದ ಮಾಡಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರಲ್ಲ, ಗದ್ದೆಯಲ್ಲಿ ಅದರ ಕೆಲಸಕ್ಕೆ ಸಾಟಿಯಿಲ್ಲ. ಹಾಗೆಯೇ ಡಾಂಬರು ರಸ್ತೆಗೆ ಹತ್ತಿಸಿದರೆ ರಸ್ತೆಯನ್ನೇ ಕಿತ್ತುಹಾಕುತ್ತದೆ, ನಾಲಾ ಪ್ರದೇಶದ ಊರುಗಳಲ್ಲಿ ಇದು ಪ್ರತಿ ನಾಟಿಯ ಕಾಲದ ಜಗಳ. ಅಸಲಿ ಟ್ಯಾಂಕಿನವರು ರಸ್ತೆ ಉಳಿಸಲು ಕೊಂಡಿಗಳಿಗೆ ರಬ್ಬರ್ ಪ್ಯಾಡ್ ಹಾಕಿಕೊಂಡರು. ಮಾದರಿಗೂ ಪ್ಯಾಡ್ ಇರುವ ಚೈನು ಸಿಗುತ್ತದೆ. ಒಳಗೂ ಹೊರಗೂ ಓಡಿಸುವ ಆಸೆ ಇರುವವರಿಗೆ ಅದು.

ಜೋಡಣೆಯ ದಿನದ ಎರಡು ಮಾತು. ಚೈನಿಗೆ ಎಣ್ಣೆ ಹಾಕಬೇಡಿ. ಎಣ್ಣೆ ಧೂಳನ್ನು ಹಿಡಿದುಕೊಂಡು ಅರೆಯುವ ಹಿಟ್ಟಾಗುತ್ತದೆ, ಪಿನ್ ಇನ್ನೂ ಬೇಗ ಸವೆಯುತ್ತದೆ. ಒಣ ಗ್ರಾಫೈಟ್ ಪುಡಿ ಸಾಕು. ಬಿಗಿಯನ್ನು ಕೈಯಲ್ಲೇ ನೋಡಿಕೊಳ್ಳಬಹುದು: ಮೇಲ್ಭಾಗದ ನಡುವೆ ಬೆರಳಿಂದ ಎತ್ತಿದರೆ ಚೈನು ನಾಲ್ಕೈದು ಮಿ.ಮೀ. ಏಳಬೇಕು. ತಂತಿಯ ಹಾಗೆ ಬಿಗಿದರೆ ಬೇರಿಂಗ್, ಮೋಟರಿಗೆ ವೃಥಾ ಹೊರೆ. ತೀರಾ ಸಡಿಲವಾದರೆ ಮೊದಲ ತಿರುವಿನಲ್ಲೇ ಜಾರುತ್ತದೆ.

ಹೊಸ ಲೋಹದ ಚೈನಿನ ತೂತುಗಳಲ್ಲಿ ಎರಕದ ಒರಟು ಇರುತ್ತದೆ. ಟ್ಯಾಂಕನ್ನು ಇಟ್ಟಿಗೆ ಮೇಲೆ ಕೂರಿಸಿ, ಚೈನು ನೆಲಕ್ಕೆ ತಾಗದಂತೆ ಅರ್ಧ ಗಂಟೆ ನಿಧಾನಕ್ಕೆ ತಿರುಗಲು ಬಿಟ್ಟರೆ ಆ ಒರಟು ಉಜ್ಜಿ ಹೋಗುತ್ತದೆ, ಚೈನು ಆಗಲೇ ತುಸು ಸಡಿಲವಾಗಿರುತ್ತದೆ. ಐಡ್ಲರ್ ತಿರುಗಿಸಿ ಬಿಗಿ ಮಾಡಿಕೊಳ್ಳಿ, ಅದೂ ಸಾಲದಾದಾಗ ಒಂದು ಕೊಂಡಿ ತೆಗೆಯಿರಿ. ಎಡಬದಿಯಲ್ಲಿ ತೆಗೆದರೆ ಬಲಬದಿಯಲ್ಲೂ ತೆಗೆಯಬೇಕು, ಇಲ್ಲವಾದರೆ ಟ್ಯಾಂಕು ಒಂದು ಕಡೆಗೆ ವಾಲಿಕೊಂಡು ಓಡುತ್ತದೆ. ತೆಗೆದ ಕೊಂಡಿ, ಪಿನ್ನುಗಳನ್ನು ಎಸೆಯದೆ ಡಬ್ಬಿಯಲ್ಲಿಟ್ಟುಕೊಳ್ಳಿ; ಮುಂದೆ ಚೈನು ತುಂಡಾದ ದಿನ ಬದಲಿಗೆ ಹಾಕಲು ಅವೇ ಬೇಕಾಗುತ್ತವೆ.